ಕ್ಲಚ್ ಒತ್ತುವ ಕೆಲಸ

ಕಾಪುವಿನಲ್ಲಿ ನಾನು ಮಾಡುತ್ತಿದ್ದ ಕೆಲಸವನ್ನು ಹೇಳಿದರೆ ಘಟ್ಟದ ಮೇಲಿನವರು ನಗುತ್ತಾರೆ. ನಾನು ನಿಂತ ಕಾರುಗಳ ಕ್ಲಚ್ ಒತ್ತುತ್ತಿದ್ದೆ. ಎಂಬತ್ಮೂರನೆಯ ಇಸವಿಯ ಹೊತ್ತಿಗೆ ನಮ್ಮೂರಿನಲ್ಲಿ, ದುಬೈ ಮಸ್ಕತ್ತುಗಳಲ್ಲಿ ದುಡಿಯುವ ಗಂಡಸರ ಏಳು ಮನೆಗಳ ಅಂಗಳದಲ್ಲಿ ಏಳು ಕಾರುಗಳಿದ್ದವು. ಗಂಡಸರು ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಗೆ ಬರುತ್ತಿದ್ದರು. ಉಳಿದ ಇಪ್ಪತ್ತೆರಡು ತಿಂಗಳು ಕಾರು ಸಮುದ್ರದ ಗಾಳಿ ಕುಡಿಯುತ್ತಾ ನಿಲ್ಲಬೇಕು. ನಮ್ಮ ಉಪ್ಪುಗಾಳಿಗೆ ಕ್ಲಚ್ ಪ್ಲೇಟು ಪಕ್ಕದ ಕಬ್ಬಿಣದ ಚಕ್ರಕ್ಕೆ ತುಕ್ಕು ಹಿಡಿದು ಅಂಟಿಕೊಂಡುಬಿಡುತ್ತದೆ. ಆಮೇಲೆ ಪೆಡಲನ್ನು ಎಷ್ಟು ತುಳಿದರೂ ಗೇರು ಬೀಳುವುದಿಲ್ಲ. ಅದಕ್ಕಾಗಿ ವಾರಕ್ಕೊಮ್ಮೆ ಯಾರಾದರೂ ಹೋಗಿ ಎಂಜಿನ್ ಶುರು ಮಾಡಿ, ಕ್ಲಚ್ಚನ್ನು ಐವತ್ತು ಸಲ ಒತ್ತಿ ಬಿಡಬೇಕು. ಮಳೆಗಾಲದಲ್ಲಿ ಪೆಡಲನ್ನು ಪೂರ್ತಿ ಒತ್ತಿ, ಅದಕ್ಕೂ ಸೀಟಿಗೂ ನಡುವೆ ದೋಣಿಯ ಮುರಿದ ಹುಟ್ಟಿನ ತುಂಡೊಂದನ್ನು ಸಿಕ್ಕಿಸಿ ಇಡಬೇಕು. ಏಳು ಮನೆಗಳಲ್ಲಿಯೂ ಅದನ್ನು ಮಾಡುತ್ತಿದ್ದವನು ನಾನು, ಕಿಟ್ಟ.

ಅದಕ್ಕೆ ಮೊದಲು ನಾನು ಮೀನಿನ ಲಾರಿ ಓಡಿಸುತ್ತಿದ್ದೆ. ಕಾರ್ಕಳ ದಾಟಿ ಘಟ್ಟ ಹತ್ತುವ ಲಾರಿ. ಅದರ ಕ್ಲಚ್ ತುಳಿದು ತುಳಿದು ನನ್ನ ಎಡ ಮೊಣಕಾಲು ಹದಿನೆಂಟು ವರ್ಷ ಓಡಿಸುವಷ್ಟರಲ್ಲಿ ಸೋತಿತು. ಡಾಕ್ಟರು ಲಾರಿ ಬಿಡಲು ಹೇಳಿದರು. ಸುಮ್ಮನೆ ಕೂರುವುದು ನನ್ನ ಹಣೆಯಲ್ಲಿ ಬರೆದಿಲ್ಲ, ಸಿಟ್ಟು ಮಾತ್ರ ಧಾರಾಳವಾಗಿ ಬರೆದಿದೆ. "ನಿಂತಲ್ಲಿ ನಿಲ್ಲದ ನಿಮಗೆ ನಿಂತ ಕಾರಿನ ಕೆಲಸ," ಎಂದು ನನ್ನ ಹೆಂಡತಿ ರತ್ನಾವತಿ ಮೀನಿನ ಬುಟ್ಟಿ ಎತ್ತಿಕೊಳ್ಳುತ್ತಾ ಗೇಲಿ ಮಾಡುತ್ತಿದ್ದಳು. ಆದರೆ ಇದು ಅಂಥಿಂಥ ಕೆಲಸವಲ್ಲ. ಗಂಡಸರು ಊರಿನಲ್ಲಿಲ್ಲದ ಮನೆಯ ಗೇಟನ್ನು ಹೊರಗಿನವನೊಬ್ಬನಿಗೆ ತೆರೆಯುತ್ತಾರೆ ಎಂದರೆ ಅದು ನಂಬಿಕೆಯ ಮಾತು. ಒಂದು ಮನೆಯಿಂದ ದೂರು ಹೋದರೆ ಸಾಕು, ಏಳು ಗೇಟುಗಳೂ ಒಂದೇ ವಾರದಲ್ಲಿ ಮುಚ್ಚುತ್ತವೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಏಳರಲ್ಲಿ ಒಂದು ಉಸ್ಮಾನನ ಮನೆ. ಅವನು ದುಬೈಯ ಬಟ್ಟೆಯಂಗಡಿಯೊಂದರಲ್ಲಿ ಇದ್ದ. ಅಂಗಡಿಯ ವ್ಯಾನು ಓಡಿಸುತ್ತೇನೆ ಎಂದು ಊರಿಗೆಲ್ಲ ಹೇಳಿದ್ದ. ಹಿಂದಿನ ರಜೆಯಲ್ಲಿ ಕಾರ್ಕಳದ ಡಾಕ್ಟರೊಬ್ಬರಿಂದ ಬಿಳಿ ಫಿಯೆಟ್ ಕೊಂಡು ತಂದ. ಎರಡು ತಿಂಗಳೂ ನಾನೇ ಓಡಿಸಿದೆ, ಅವನು ಪಕ್ಕದಲ್ಲಿ ಕೂತ. "ಅಲ್ಲಿ ಸ್ಟೇರಿಂಗು ಎಡಗಡೆ ಕಿಟ್ಟಣ್ಣ, ನನಗೆ ಇಲ್ಲಿಯದ್ದು ಅಭ್ಯಾಸ ತಪ್ಪಿ ಹೋಗಿದೆ," ಎಂದಿದ್ದ. ಹೋಗುವ ದಿನ ಕಾರಿನ ಬಾನೆಟ್ಟನ್ನು ಮಗುವಿನ ತಲೆಯ ಹಾಗೆ ಸವರಿ, "ನಾನು ಬರುವವರೆಗೆ ಇದು ಗೇಟು ದಾಟುವುದು ಬೇಡ. ಇಲ್ಲಿಯ ಬಸ್ಸಿನವರು ಗೀರಿ ಹಾಕುತ್ತಾರೆ," ಎಂದು ಹೇಳಿ ಹೋದ.

ಅವನ ಕಾರಿನ ಹುಚ್ಚು ಅಷ್ಟಕ್ಕೆ ಮುಗಿಯಲಿಲ್ಲ. ಆಗ ಗಲ್ಫಿನ ಮನೆಗಳಲ್ಲಿ ಕಾಗದಕ್ಕಿಂತ ಕ್ಯಾಸೆಟ್ಟೇ ಹೆಚ್ಚು. ಇಲ್ಲಿಯವರು ಟೇಪ್ ರೆಕಾರ್ಡರಿನ ಮುಂದೆ ಕೂತು ಮನೆಯ ಸುದ್ದಿಯನ್ನೆಲ್ಲ ಮಾತಾಡಿ ತುಂಬಿಸಿ, ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಅಲ್ಲಿಂದ ಉತ್ತರವೂ ಹಾಗೇ ಬರುತ್ತಿತ್ತು. ಉಸ್ಮಾನನಿಗೆ ಕ್ಯಾಸೆಟ್ಟಿನ ಒಂದು ಬದಿಯಲ್ಲಿ ಮನೆಯವರ ಮಾತು, ಇನ್ನೊಂದು ಬದಿಯಲ್ಲಿ ಐದು ನಿಮಿಷ ಕಾರಿನ ಎಂಜಿನ್ನಿನ ಸದ್ದು ಬೇಕು. ನಾನು ಪ್ರತಿ ತಿಂಗಳೂ ಟೇಪ್ ರೆಕಾರ್ಡರನ್ನು ಹಿಂದಿನ ಸೀಟಿನಲ್ಲಿಟ್ಟು, ನ್ಯೂಟ್ರಲ್ಲಿನಲ್ಲಿ ಎಂಜಿನ್ನು ಗುರುಗುಟ್ಟಿಸಿ, ಆ ಸದ್ದನ್ನು ಹಿಡಿದು ಕೊಡುತ್ತಿದ್ದೆ. ಇಂಥ ಚಾಕರಿಯೂ ಒಂದು ಉಂಟಲ್ಲ ಎಂದು ನನಗೆ ಮೈ ಉರಿಯುತ್ತಿತ್ತು.

ಆ ಮನೆಯಲ್ಲಿ ಉಸ್ಮಾನನ ತಾಯಿ ಬೀಪಾತುಮ್ಮ, ಹೆಂಡತಿ ಖೈರುನ್ನಿಸಾ, ಇಬ್ಬರೇ. ಮಳೆಗಾಲ ಮುಗಿಯುವ ಹೊತ್ತಿಗೆ ಬೀಪಾತುಮ್ಮನ ಬಲಗಾಲಿನ ಹೆಬ್ಬೆರಳಿನಲ್ಲಿ ಹುಣ್ಣಾಯಿತು. ಸಕ್ಕರೆ ಕಾಯಿಲೆಯ ಹುಣ್ಣು, ಮಾಯುವ ಲಕ್ಷಣವಿಲ್ಲ. ಪ್ರತಿ ಮಂಗಳವಾರ ಮಣಿಪಾಲದ ಆಸ್ಪತ್ರೆಯಲ್ಲಿ ತೊಳೆಸಿ ಕಟ್ಟಿಸಬೇಕು. ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು. ಆ ನೂಕುನುಗ್ಗಲಿನಲ್ಲಿ ಯಾರಾದರೂ ಕಾಲು ತುಳಿದರೆ ಮುದುಕಿ ಎರಡು ದಿನ ಮಲಗಿಯೇ ಇರುತ್ತಿದ್ದರು. ಅಂಗಳದಲ್ಲಿ ಮಾತ್ರ ಬಿಳಿ ಫಿಯೆಟ್ ತಣ್ಣಗೆ ನಿಂತಿತ್ತು.

"ನೀವು ಒಮ್ಮೆ ಕರೆದುಕೊಂಡು ಹೋಗಲಿಕ್ಕೆ ಆಗುವುದಿಲ್ಲವಾ ಕಿಟ್ಟಣ್ಣ?" ಎಂದು ಖೈರುನ್ನಿಸಾ ಕೇಳಿದಳು. ಜಗಲಿಯ ಕಂಬದ ಹಿಂದೆ ನಿಂತು, ತಲೆಯ ಮೇಲಿನ ಸೆರಗನ್ನು ಎಳೆದುಕೊಂಡು ಮಾತಾಡುವ ಹುಡುಗಿ, ಇಪ್ಪತ್ತಾರು ದಾಟಿರಲಿಲ್ಲ.

"ನಿನ್ನ ಗಂಡ ಬೇಡ ಅಂದಿದ್ದಾನೆ. ನಾನು ಗೇಟು ದಾಟಿಸಿದರೆ ನನ್ನ ಮೇಲೆ ಬರುತ್ತದೆ," ಎಂದೆ.

ಅವಳು ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. "ನೀವು ದಾಟಿಸುವುದು ಬೇಡ. ನನಗೆ ಕಲಿಸಿ. ನಾನು ದಾಟಿಸಿದರೆ ಅದು ಗಂಡ ಹೆಂಡತಿಯ ವಿಷಯ ಆಗುತ್ತದೆ, ನಿಮ್ಮ ಮೇಲೆ ಬರುವುದಿಲ್ಲ, ಅಲ್ವಾ?"

ನಾನು ನಕ್ಕೆ. ಒಳಗಿನಿಂದ ಬೀಪಾತುಮ್ಮನ ಗಂಟಲು ಕೇಳಿಸಿತು: "ನಗುವುದು ಎಂತದ್ದು ಕಿಟ್ಟ? ಕಾಲು ನನ್ನದು. ಕಲಿಸು ಅವಳಿಗೆ."

ಹಾಗೆ ಶುರುವಾಯಿತು. ಆ ಫಿಯೆಟ್ಟಿನ ಕ್ಲಚ್ ಕಲ್ಲಿನ ಹಾಗೆ ಗಟ್ಟಿ. ಖೈರುನ್ನಿಸಾ ಗಿಡ್ಡ, ಸೀಟನ್ನು ಪೂರ್ತಿ ಮುಂದೆ ಎಳೆದರೂ ಪೆಡಲಿಗೆ ತುದಿಗಾಲು ಮಾತ್ರ ಮುಟ್ಟುತ್ತಿತ್ತು. ಬೆನ್ನಿಗೆ ಎರಡು ದಿಂಬು ಕೊಟ್ಟೆ. ತುದಿಗಾಲಿನಲ್ಲಿ ತುಳಿದರೆ ಕೀಲು ಹೋಗುತ್ತದೆ, ಪಾದದ ಉಬ್ಬಿನಿಂದ ತುಳಿ, ಹಿಮ್ಮಡಿಯನ್ನು ನೆಲಕ್ಕೆ ಊರಿ ನಿಧಾನ ಬಿಡು ಎಂದೆ. ಅವಳು ಬಿಟ್ಟದ್ದೇ ತಡ, ಕಾರು ಕಪ್ಪೆಯ ಹಾಗೆ ಎಗರಿ ನಿಂತಿತು. ಅಂಗಳದಲ್ಲಿ ಗೇಟಿನಿಂದ ಬಾವಿಕಟ್ಟೆಯವರೆಗೆ ನಲವತ್ತು ಅಡಿ ಇರಬಹುದು. ಅಷ್ಟು ದೂರಕ್ಕೆ ಮೊದಲ ದಿನ ಹದಿನಾಲ್ಕು ಸಲ ಎಂಜಿನ್ನು ನಿಂತಿತು. ಹಿಂದಿನ ಸೀಟಿನಲ್ಲಿ ಬೀಪಾತುಮ್ಮ ಜಪಮಣಿ ಹಿಡಿದು ಕಾವಲಿಗೆ ಕೂರುತ್ತಿದ್ದರು. ಕಾರು ಎಗರಿದಾಗೆಲ್ಲ ಒಂದು ಮಣಿ ಸರಿಸುತ್ತಿದ್ದರು. ನಾನು ಬಾಯಿಗೆ ಬಂದ ಹಾಗೆ ಬಯ್ದೆ. ಲಾರಿಯ ಕ್ಲೀನರಿಗೂ ನಾನು ಹಾಗೆ ಬಯ್ದವನಲ್ಲ. ಅವಳು ಒಂದು ಸಲವೂ ಎದುರು ಮಾತಾಡಲಿಲ್ಲ, ಇಳಿದೂ ಹೋಗಲಿಲ್ಲ.

ಹತ್ತನೆಯ ದಿನವಿರಬೇಕು, ಬೈದು ಬೈದು ನನಗೇ ಸುಸ್ತಾಗಿ ಸುಮ್ಮನೆ ಕೂತಿದ್ದೆ. ಅವಳು ಕಣ್ಣು ಮುಚ್ಚಿ ಪಾದವನ್ನು ಎತ್ತತೊಡಗಿದಳು. ಕಾರು ಒಂದು ಸಲ ಸಣ್ಣಗೆ ನಡುಗಿತು. ಅಲ್ಲಿಯೇ ಅವಳು ಕಾಲು ನಿಲ್ಲಿಸಿದಳು. ಫಿಯೆಟ್ ದೋಣಿ ನೀರಿಗಿಳಿದ ಹಾಗೆ ಸದ್ದಿಲ್ಲದೆ ಮುಂದೆ ಸರಿಯಿತು. ಆ ನಡುಕವನ್ನು ಕಾಲಿನಲ್ಲಿ ಕೇಳಿಸಿಕೊಳ್ಳಲು ನನಗೆ ಒಂದು ವರ್ಷ ಹಿಡಿದಿತ್ತು. ಒಳಗೊಳಗೇ ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು.

ಉಡುಪಿಗೆ ಹೋಗಿ ಅವಳು ಕಲಿಯುವವರ ಲೈಸೆನ್ಸು ಮಾಡಿಸಿಕೊಂಡು ಬಂದಳು. ನವೆಂಬರಿನಲ್ಲಿ ಮಂಗಳವಾರಗಳಂದು ನಾವು ಮೂವರು ಮಣಿಪಾಲಕ್ಕೆ ಹೊರಟೆವು. ಅವಳು ಓಡಿಸುವುದು, ನಾನು ಪಕ್ಕದಲ್ಲಿ ಕೂತು ಕಿರುಚುವುದು, ಮುದುಕಿ ಹಿಂದೆ ಕಾಲು ಚಾಚಿ ಕೂರುವುದು. ಪೇಟೆಯವರು ನೋಡಿದರು, ಮಾತಾಡಿದರು. ಬೀಪಾತುಮ್ಮ ಕಿಟಕಿಯಿಂದ ಕಟ್ಟಿದ ಕಾಲನ್ನು ತೋರಿಸಿ, "ನೀವು ಹೊತ್ತುಕೊಂಡು ಹೋಗುತ್ತೀರಾ?" ಎಂದು ಕೇಳಿದ ಮೇಲೆ ಮಾತು ಕಡಿಮೆಯಾಯಿತು. ದುಬೈಗೆ ಮಾತ್ರ ಯಾರೂ ಹೇಳಲಿಲ್ಲ. ಉಸ್ಮಾನನಿಗೆ ತಿಳಿಸುವುದನ್ನು ತಾಯಿಗೆ, ಹೆಂಡತಿಗೆ ಬಿಟ್ಟುಬಿಟ್ಟಿದ್ದೇನೆ ಎಂದು ನಾನು ನನಗೇ ಹೇಳಿಕೊಂಡಿದ್ದೆ.

ಎಡವಟ್ಟು ಆದದ್ದು ನಾಲ್ಕನೆಯ ಮಂಗಳವಾರ. ಅಂದು ಕ್ಯಾಸೆಟ್ಟಿಗೆ ಎಂಜಿನ್ನಿನ ಸದ್ದು ತುಂಬಿಸುವ ದಿನವೂ ಆಗಿತ್ತು. ನಾನು ಟೇಪ್ ರೆಕಾರ್ಡರನ್ನು ಹಿಂದಿನ ಸೀಟಿನ ಮೂಲೆಯಲ್ಲಿಟ್ಟು, ರೆಕಾರ್ಡಿನ ಎರಡೂ ಗುಂಡಿ ಒತ್ತಿದೆ. ಖೈರುನ್ನಿಸಾ ಐದು ನಿಮಿಷ ಎಂಜಿನ್ನು ಓಡಿಸಿದಳು. ಅಷ್ಟರಲ್ಲಿ ಬೀಪಾತುಮ್ಮ ಬಂದು ಹತ್ತಿ, ತಮ್ಮ ಶಾಲನ್ನು ಪಕ್ಕಕ್ಕೆ ಎಸೆದರು. ಅದು ಟೇಪ್ ರೆಕಾರ್ಡರಿನ ಮೇಲೆ ಬಿತ್ತು. ಹೊತ್ತಾಯಿತು ಹೊರಡಿ ಎಂದರು. ಹೊರಟೆವು.

ದಾರಿಯುದ್ದಕ್ಕೂ ನನ್ನ ಬಾಯಿಗೆ ಬೀಗವಿರಲಿಲ್ಲ. ಕಾಪು ಪೇಟೆಯಲ್ಲಿ ಬಸ್ಸೊಂದು ಅಡ್ಡ ಬಂತು, ಅವನಿಗೆ ಬಯ್ದೆ. ಖೈರುನ್ನಿಸಾ ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಿದ್ದಳು, ಅವಳಿಗೆ ಬಯ್ದೆ. "ಕಾಲು ತೆಗಿ ಮಾರಾಯ್ತಿ, ಅದು ಕ್ಲಚ್ಚು, ಕಾಲುಮಣೆ ಅಲ್ಲ. ಪ್ಲೇಟು ಸುಟ್ಟು ಹೋಗುತ್ತದೆ." ಉಡುಪಿ ದಾಟುವಾಗ ಬೀಪಾತುಮ್ಮ ನೋವಿನಿಂದ ನರಳಿದರು. ಅದನ್ನು ಕೇಳಿ ನನ್ನ ತಲೆ ಕೆಟ್ಟಿತು. "ನಿಮ್ಮ ಮಗನಿಗೆ ಈ ಕಾರಿನ ಮೇಲೆ ಇರುವ ಪ್ರೀತಿ ತಾಯಿಯ ಹುಣ್ಣಿನ ಕಾಲಿನ ಮೇಲೆ ಇಲ್ಲ. ದುಬೈಯಲ್ಲಿ ಕೂತು ಎಂಜಿನ್ನಿನ ಸಂಗೀತ ಕೇಳುತ್ತಾನೆ. ಅಂಥವನಿಗೆ ಕಾರು ಯಾಕೆ, ತಗಡಿನ ಆಟಿಕೆ ಸಾಕು," ಎಂದೆ. ಮುದುಕಿ ಕಾಲನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಂಡರು. ಖೈರುನ್ನಿಸಾ ಗೇರು ಬದಲಿಸಿದಳು, ಅಷ್ಟೆ.

ಕಡಿಯಾಳಿಯ ನಂತರ ಮಣಿಪಾಲದ ಏರಿನಲ್ಲಿ ಮುಂದಿನ ಬಸ್ಸು ಜನ ಇಳಿಸಲು ನಿಂತಿತು. ನಾವೂ ಏರಿನಲ್ಲೇ ನಿಲ್ಲಬೇಕಾಯಿತು. ಹಿಂದೆ ಲಾರಿಯೊಂದು ಮೂಗು ತಾಗಿಸಿಕೊಂಡು ನಿಂತಿತ್ತು. ಅವಳು ಬಸ್ಸು ಹೊರಟ ಮೇಲೆ ಒಂದು ಬೆರಳಿನಷ್ಟೂ ಹಿಂದೆ ಸರಿಯದೆ ಕಾರನ್ನು ಎತ್ತಿದಳು. ಸ್ವಲ್ಪ ಮುಂದೆ ಹೋದ ಮೇಲೆ ಎಲ್ಲೋ ಟಕ್ ಎಂದಿತು. ಕ್ಲಚ್ಚೇ ಹೋಯಿತು ಎಂದುಕೊಂಡು ಕಾರನ್ನು ಬದಿಗೆ ನಿಲ್ಲಿಸಲು ಹೇಳಿ, ಇಳಿದು ಅಡಿಗೆ ಬಗ್ಗಿ ನೋಡಿದೆ. ಏನೂ ಇರಲಿಲ್ಲ. ಅದು ಶಾಲಿನ ಅಡಿಯಲ್ಲಿ ಕ್ಯಾಸೆಟ್ಟು ಮುಗಿದು ಗುಂಡಿ ಎದ್ದ ಸದ್ದು ಎಂದು ನನಗೆ ಗೊತ್ತಾದದ್ದು ಮರುದಿನ.

ಆ ಸಂಜೆಯೇ ನೆರೆಮನೆಯ ಹಾಜಬ್ಬ ದುಬೈಗೆಂದು ಬೊಂಬಾಯಿ ಬಸ್ಸು ಹತ್ತುವವನಿದ್ದ. ಕೊಡುವುದೇನಾದರೂ ಉಂಟಾ ಎಂದು ಕೇಳಲು ಬಂದ. ಬೀಪಾತುಮ್ಮ ಒಣಮೀನಿನ ಪೊಟ್ಟಣ, ಮಾವಿನ ಉಪ್ಪಿನಕಾಯಿ, ಟೇಪ್ ರೆಕಾರ್ಡರಿನಿಂದ ತೆಗೆದ ಕ್ಯಾಸೆಟ್ಟು, ಮೂರನ್ನೂ ಕಟ್ಟಿ ಕೊಟ್ಟರು. ಬೆಳಗ್ಗೆ ಖೈರುನ್ನಿಸಾ ಖಾಲಿ ಟೇಪ್ ರೆಕಾರ್ಡರನ್ನು ಹಿಡಿದುಕೊಂಡು ಗೇಟಿನಲ್ಲೇ ನಿಂತಿದ್ದಳು.

"ಕಿಟ್ಟಣ್ಣ, ನಿನ್ನೆ ಇದನ್ನು ನೀವು ಬಂದ್ ಮಾಡಿದ್ದೀರಾ?"

"ಇಲ್ಲ. ನೀನು ಮಾಡಿದ್ದೀಯಲ್ಲ?"

"ನಾನು ಓಡಿಸುತ್ತಿದ್ದೆ ಅಲ್ವಾ."

ಒಂದು ಬದಿಗೆ ನಲವತ್ತೈದು ನಿಮಿಷದ ಕ್ಯಾಸೆಟ್ಟು. ಐದು ನಿಮಿಷ ಎಂಜಿನ್ನು; ಉಳಿದ ನಲವತ್ತು ನಿಮಿಷ ಗೇಟು ದಾಟಿದ್ದು, ಪೇಟೆ, ಕಂಡಕ್ಟರುಗಳ ಕೂಗು, ನನ್ನ ಬೈಗುಳ. ತಾಯಿಯ ಕಾಲು, ತಗಡಿನ ಆಟಿಕೆ.

ಆಮೇಲಿನ ಮೂರು ವಾರ ನಾನು ಮನುಷ್ಯನ ಹಾಗಿರಲಿಲ್ಲ. ದುಬೈಯಲ್ಲಿ ನಮ್ಮೂರಿನವರೆಲ್ಲ ರಜಾದಿನ ಒಂದೇ ಕೋಣೆಯಲ್ಲಿ ಸೇರಿ ಊರಿನ ಕ್ಯಾಸೆಟ್ಟು ಕೇಳುತ್ತಾರೆ ಎಂದು ಗೊತ್ತಿತ್ತು. ಆ ಕೋಣೆಯಲ್ಲಿ ಏಳು ಕಾರುಗಳ ಮಾಲಿಕರಲ್ಲಿ ನಾಲ್ವರಾದರೂ ಇರುತ್ತಾರೆ. ಊಟಕ್ಕೆ ಕೂತರೆ ಏಳುತ್ತಿದ್ದೆ, ಎದ್ದರೆ ಸಮುದ್ರದಂಡೆಯ ದೀಪಸ್ತಂಭದವರೆಗೆ ನಡೆದು ಮತ್ತೆ ಮನೆಗೆ ಬರುತ್ತಿದ್ದೆ. ಏಳು ಮನೆಗಳಲ್ಲೊಂದಾದ ನಬೀಸಾಳ ಮನೆಯಲ್ಲಿ "ಈ ವಾರ ಬರುವುದು ಬೇಡ" ಎಂದಾಗ ಎಲ್ಲ ಮುಗಿಯಿತು ಎಂದುಕೊಂಡೆ. ಅಂಗಳದಲ್ಲಿ ಭತ್ತ ಹರಡಿದ್ದಾರೆ, ಅದಕ್ಕೆ ಬೇಡವಂತೆ. ಇನ್ನೊಂದು ಮನೆಯ ಹೆಂಗಸು ಚಹಾ ಕೊಡಲಿಲ್ಲ; ಹಾಲು ಒಡೆದಿತ್ತಂತೆ. ನನಗೆ ಎಲ್ಲದರಲ್ಲೂ ಉಸ್ಮಾನನ ಕೈ ಕಾಣುತ್ತಿತ್ತು. "ನೀವು ಬಯ್ಯುವಾಗ ಇಷ್ಟು ಯೋಚನೆ ಮಾಡಿದ್ದರೆ," ಎಂದಳು ರತ್ನಾವತಿ. ಅವಳ ಮೇಲೆ ಹಾರಿಬಿದ್ದೆ, ಆಮೇಲೆ ಕ್ಷಮೆಯನ್ನೂ ಕೇಳಿದೆ.

ಖೈರುನ್ನಿಸಾ ನನ್ನಷ್ಟು ಅಲೆದಾಡಲಿಲ್ಲ. ಆದರೆ ಅವಳ ಮುಖ ಇಳಿದುಹೋಗಿತ್ತು. "ಕಾರು ಮಾರಲಿಕ್ಕೆ ಹೇಳುತ್ತಾರೆ, ಅಷ್ಟೇ ಆಗುವುದು," ಎಂದು ಒಂದು ದಿನ ಹೇಳಿದಳು. "ಉಮ್ಮನ ಕಾಲು ಇನ್ನೂ ಅರ್ಧ ಮಾಯಲಿಕ್ಕೆ ಉಂಟು." ಆ ಮೂರು ಮಂಗಳವಾರವೂ ಅವಳು ಮಣಿಪಾಲಕ್ಕೆ ಓಡಿಸುವುದನ್ನು ಬಿಡಲಿಲ್ಲ. ನಾನು ಮಾತ್ರ ಪಕ್ಕದಲ್ಲಿ ತುಟಿ ಹೊಲಿದುಕೊಂಡು ಕೂತಿದ್ದೆ.

ಉತ್ತರದ ಕ್ಯಾಸೆಟ್ಟು ಬಂದದ್ದು ಒಂದು ಶನಿವಾರ ಬೆಳಗ್ಗೆ. ರಜೆಗೆ ಬಂದ ಕಬೀರ್ ಎಂಬವನು ತಂದುಕೊಟ್ಟ. ಕೊಡುವಾಗ ನನ್ನ ಕಡೆ ಒಮ್ಮೆ ನೋಡಿದ. ಖೈರುನ್ನಿಸಾ ಟೇಪ್ ರೆಕಾರ್ಡರನ್ನು ಜಗಲಿಗೆ ತಂದಳು. ನಾನು ಎದ್ದು ಹೊರಟೆ.

"ಕೂತುಕೊಳ್ಳಿ ಕಿಟ್ಟಣ್ಣ," ಎಂದಳು. "ಬಯ್ದದ್ದು ನೀವು, ಓಡಿಸಿದ್ದು ನಾನು. ಒಟ್ಟಿಗೇ ಕೇಳುವ."

ಉಸ್ಮಾನನ ಸ್ವರ ಬಂತು. ಸಲಾಂ ಹೇಳಿದ, ಒಣಮೀನು ಚೆನ್ನಾಗಿತ್ತು ಎಂದ. ಆಮೇಲೆ ಅವನ ಕೋಣೆಯ ಫ್ಯಾನಿನ ಸದ್ದು ಮಾತ್ರ ತಿರುಗುತ್ತಿತ್ತು. ಬೀಪಾತುಮ್ಮನ ಜಪಮಣಿ ಕೈಯಲ್ಲೇ ನಿಂತಿತು.

"ಉಮ್ಮಾ," ಎಂದ ಉಸ್ಮಾನ. "ನಿಮ್ಮ ಕಾಲಿಗೆ ಹುಣ್ಣು ಆದದ್ದು ನನಗೆ ಯಾಕೆ ಹೇಳಲಿಲ್ಲ? ಮೂರು ಕ್ಯಾಸೆಟ್ಟು ಬಂತು. ಮೂರರಲ್ಲೂ ನೀವು ಆರಾಮ ಉಂಟು ಅಂದಿರಿ. ಕಿಟ್ಟಣ್ಣ ಬಯ್ದ ಮೇಲೆ ನನಗೆ ಗೊತ್ತಾಯಿತು."

ನಾನು ಮುದುಕಿಯ ಕಡೆ ತಿರುಗಿದೆ. "ಅವನಿಗೆ ಹೇಳಿರಲಿಲ್ಲವಾ?"

"ಅಷ್ಟು ದೂರದಲ್ಲಿ ಇದ್ದಾನೆ. ಹೇಳಿದರೆ ಅವನು ಎಂತ ಮಾಡುವುದು, ಸುಮ್ಮನೆ ಊಟ ಬಿಡುತ್ತಾನೆ," ಎಂದರು ಬೀಪಾತುಮ್ಮ.

ಮೂರು ತಿಂಗಳಿನಿಂದ ನಾನು ಮನಸ್ಸಿನಲ್ಲೇ ಬಯ್ಯುತ್ತಾ ಬಂದ ಮನುಷ್ಯನಿಗೆ ಸುದ್ದಿಯೇ ಗೊತ್ತಿರಲಿಲ್ಲ. ನನ್ನ ನಾಲಿಗೆಯ ಮೇಲೆ ನನಗೇ ಅಸಹ್ಯವಾಯಿತು. ಟೇಪು ತಿರುಗುತ್ತಲೇ ಇತ್ತು.

"ಖೈರುನ್ನಿಸಾ, ನಾನು ಆ ಬದಿಯನ್ನು ಹನ್ನೊಂದು ಸಲ ಕೇಳಿದೆ. ಬೇರೆ ಯಾರಿಗೂ ಕೇಳಿಸಲಿಲ್ಲ. ಮೊದಲನೆಯ ಸಲ ಸಿಟ್ಟು ಬಂತು. ಎರಡನೆಯ ಸಲ ಹೆದರಿಕೆ ಆಯಿತು. ಆಮೇಲೆ..." ಅವನ ಸ್ವರ ಸಣ್ಣದಾಯಿತು. "ಒಂದು ಕಡೆ ಏರಿನಲ್ಲಿ ಬಸ್ಸು ನಿಂತದ್ದು ಕೇಳುತ್ತದೆ. ನಮ್ಮ ಕಾರೂ ನಿಲ್ಲುತ್ತದೆ. ಹಿಂದೆ ಲಾರಿಯ ಹಾರ್ನ್ ಉಂಟು. ಮತ್ತೆ ನಮ್ಮ ಕಾರು ಹೊರಡುತ್ತದೆ, ಎಂಜಿನ್ನು ನಿಲ್ಲುವುದಿಲ್ಲ. ನಾನು ಅದನ್ನೇ ತಿರುಗಿಸಿ ತಿರುಗಿಸಿ ಕೇಳಿದ್ದು. ನಾನು ಇಲ್ಲಿ ವ್ಯಾನು ಓಡಿಸುವುದಿಲ್ಲ. ಸುಳ್ಳು ಹೇಳಿದ್ದು. ನಾನು ವ್ಯಾನಿಗೆ ಬಟ್ಟೆಯ ಕಟ್ಟು ಹೊರುವವನು. ನಾಲ್ಕು ಸಲ ಟೆಸ್ಟಿಗೆ ಹೋದೆ. ನಾಲ್ಕು ಸಲವೂ ದಿಬ್ಬದಲ್ಲಿ ನಿಲ್ಲಿಸಿ ಎತ್ತುವಾಗ ಎಂಜಿನ್ನು ನಿಂತಿತು, ಇಲ್ಲದಿದ್ದರೆ ಹಿಂದೆ ಹೋಯಿತು. ಪಕ್ಕದಲ್ಲಿ ಪೊಲೀಸ್ ಕೂತರೆ ನನ್ನ ಎಡಗಾಲು ಗಡಗಡ ನಡುಗುತ್ತದೆ. ಮುಂದಿನ ತಿಂಗಳು ಐದನೆಯ ಸಲ. ಇದರಲ್ಲೂ ಆಗದಿದ್ದರೆ ಇನ್ನು ಹೋಗುವುದಿಲ್ಲ. ಕಿಟ್ಟಣ್ಣನನ್ನು ಕೇಳುವ ಅಂದರೆ ಅವರು ಬಯ್ಯುತ್ತಾರೆ. ನೀನು ಹೇಳು. ಆ ಏರಿನಲ್ಲಿ ನೀನು ಕಾಲನ್ನು ಹೇಗೆ ಬಿಟ್ಟದ್ದು? ನಿಧಾನ ಹೇಳು, ಇಲ್ಲಿ ನಾನು ಒಬ್ಬನೇ ಕೂತು ಕೇಳುತ್ತೇನೆ."

ಅಲ್ಲಿಗೆ ಕ್ಯಾಸೆಟ್ಟು ಖಾಲಿ ತಿರುಗತೊಡಗಿತು. ಯಾರೂ ಅದನ್ನು ನಿಲ್ಲಿಸಲಿಲ್ಲ. ಬೀಪಾತುಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿದರು. ನನಗೆ ಅವನು ಕಾರಿನಲ್ಲಿ ನನ್ನ ಪಕ್ಕ ಕೂತ ಎರಡು ತಿಂಗಳು ನೆನಪಾಯಿತು. ಅವನು ರಸ್ತೆಯನ್ನೇ ನೋಡುತ್ತಿರಲಿಲ್ಲ, ನನ್ನ ಎಡಗಾಲನ್ನು ನೋಡುತ್ತಿದ್ದ. ನಾನು ಅದನ್ನು ಮಾಲಿಕನ ಅನುಮಾನ ಎಂದುಕೊಂಡು ಉರಿದುಬಿದ್ದಿದ್ದೆ.

ಖೈರುನ್ನಿಸಾ ಎದ್ದಳು. ಟೇಪ್ ರೆಕಾರ್ಡರಿಗೆ ಹೊಸ ಕ್ಯಾಸೆಟ್ಟು ಹಾಕಿ, ಅಂಗಳಕ್ಕಿಳಿದು, ಕಾರಿನ ಬಾಗಿಲು ತೆರೆದು ಕೂತಳು. ಟೇಪ್ ರೆಕಾರ್ಡರನ್ನು ಮಡಿಲಲ್ಲಿಟ್ಟುಕೊಂಡಳು. ನಾನು ಪಕ್ಕಕ್ಕೆ ಹೋಗಿ ನಿಂತೆ. ಅವಳು ಗುಂಡಿ ಒತ್ತಿದಳು.

"ನೀವು ಹೆದರಬೇಡಿ," ಎಂದಳು. "ನನ್ನದು ಮೊದಲ ದಿನವೇ ಹದಿನಾಲ್ಕು ಸಲ ನಿಂತಿತ್ತು, ನಿಮ್ಮದು ನಾಲ್ಕೇ. ಚಪ್ಪಲಿ ತೆಗೆದಿಡಿ. ಈಗ ಕ್ಲಚ್ ಪೂರ್ತಿ ಒತ್ತಿ. ಹಿಮ್ಮಡಿ ಕೆಳಗೆ ಇರಲಿ."

ಎಂಜಿನ್ನು ಶುರುವಾಯಿತು. ಅವಳು ಕಣ್ಣು ಮುಚ್ಚಿದಳು.

"ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂದು ನೋಡಬೇಡಿ. ನಿಧಾನ ಎತ್ತಿ. ಇನ್ನೂ ಸ್ವಲ್ಪ. ಈಗ ಒಂದು ನಡುಕ ಬರುತ್ತದೆ. ಅದು ನಿಮ್ಮ ಕಾಲಿನದ್ದಲ್ಲ, ಕಾರಿನದ್ದು. ಅಲ್ಲಿಯೇ ನಿಲ್ಲಿಸಿ."